40 ಮಿ.ಮೀ. ಇಳಿಸಿ 17 ಇಂಚಿನ ಚಕ್ರ ಹಾಕಿದರೆ ತಾಗುತ್ತದಾ?
195/65 ಆರ್15 ಟೈರಿನ, ಅಂದರೆ 15 ಇಂಚಿನ ಚಕ್ರದ ಕಾರನ್ನು 40 ಮಿ.ಮೀ. ಇಳಿಸಿ 17 ಇಂಚಿನ ಚಕ್ರ ಹಾಕಿದರೆ ಫೆಂಡರ್‌ಗೆ (ಚಕ್ರದ ಮೇಲಿನ ಬಾಡಿ ಅಂಚಿಗೆ) ತಾಗುತ್ತದಾ ಅಂತ ಕೇಳಿದ್ದೀರಿ. ಇಂಚಿಗಿಂತ ಮೊದಲು ಆಫ್‌ಸೆಟ್ ನೋಡಿ, ತಾಪತ್ರಯ ಇರುವುದು ಅಲ್ಲೇ. ರಿಮ್‌ನ ನಡುರೇಖೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಎಷ್ಟು ಮಿ.ಮೀ. ದೂರ ಅನ್ನುವುದೇ ಆಫ್‌ಸೆಟ್; ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಈಗಿನ ರಿಮ್ 6 ಇಂಚು ಅಗಲ, ಆಫ್‌ಸೆಟ್ 45 ಅಂದುಕೊಳ್ಳಿ. 7 ಇಂಚು ಅಗಲದ, 35 ಆಫ್‌ಸೆಟ್‌ನ ರಿಮ್ ಹಾಕಿದರೆ ಹೊರ ಅಂಚು ಸುಮಾರು 23 ಮಿ.ಮೀ. ಆಚೆ ಬರುತ್ತದೆ. ಹಿಂದೆ ಮೂವರು ಕೂತು ಒಂದು ಹಂಪ್ ದಾಟಿದರೆ ಉಜ್ಜುವ ಸದ್ದು ಕೇಳಬಹುದು. ಅದೇ 7 ಇಂಚಿನ ರಿಮ್‌ಗೆ ಆಫ್‌ಸೆಟ್ 45 ಆದರೆ ಒಳಗೂ ಹೊರಗೂ 13 ಮಿ.ಮೀ. ಅಷ್ಟೇ. ಆದರೆ ಒಳಗೆ ಸ್ಟ್ರಟ್‌ಗೆ (ಸಸ್ಪೆನ್ಷನ್ ಕಂಬಕ್ಕೆ) ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆದುಕೊಳ್ಳಿ.

ಟೈರ್ 205/50 ಆರ್17 ಸರಿಹೋಗುತ್ತದೆ. ವ್ಯಾಸ 637 ಮಿ.ಮೀ., ಈಗಿನದು 635, ಸ್ಪೀಡೋಮೀಟರ್‌ಗೆ ತೊಂದರೆಯಿಲ್ಲ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಸಂಖ್ಯೆ) ಮಾತ್ರ ನೋಡಿ: ಈಗ 91 ಇದ್ದರೆ 89ರದ್ದು ಬೇಡ, 93ರದ್ದು ತಗೊಳ್ಳಿ. ಬೋಲ್ಟ್ ಅಳತೆ, ನಡುವಿನ ರಂಧ್ರ ಹೊಂದಬೇಕು, ಅದು ಗೊತ್ತಿರುವುದೇ ಅಲ್ವಾ.

40 ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ, ನಾನಾದರೆ 25-30ಕ್ಕೆ ನಿಲ್ಲಿಸುತ್ತೇನೆ. ದುಡ್ಡು ಉಳಿಸಲು ಸ್ಪ್ರಿಂಗ್ ಕತ್ತರಿಸಲು ಹೋಗಬೇಡಿ. ಚಕ್ರ ಪೂರ್ತಿ ಕೆಳಗಿಳಿದಾಗ ಕತ್ತರಿಸಿದ ಸ್ಪ್ರಿಂಗ್ ಜಾಗದಿಂದ ಕಳಚಬಹುದು. ನಿಮ್ಮ ಕಾರಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗ್ ಹಾಕಿಸಿ, ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ. ಇಲ್ಲದಿದ್ದರೆ ಹೊಸ ಟೈರಿನ ಒಳ ಅಂಚು ಬೇಗ ಸವೆಯುತ್ತದೆ.