ಕಾಲು ಹಿಂದೆ ಬಂತು, ಆಮೇಲೆ?

ಸಂಪಾದಕರ ಉತ್ತರ

ಈ ತಿಂಗಳು ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪತ್ರಗಳೂ ನನ್ನ ಮೇಜಿನ ಮೇಲೆಯೇ ಇವೆ.

ಪತ್ರ ಬರೆದವರು ಮಂಗಳೂರಿನ ಓದುಗರು, ವಯಸ್ಸು 24. ಹೆಸರು ಹಾಕಬೇಡಿ ಅಂದಿದ್ದಾರೆ. ಕಡಲತೀರದ ಹೆಸರನ್ನು ನಾನೇ ತೆಗೆದಿದ್ದೇನೆ. ಆರು ಪುಟಗಳ ಪತ್ರದ ಸಾರ ಇಷ್ಟು. ಹೋದ ಮಳೆಗಾಲದಲ್ಲಿ ಅವರು ಬಂಡೆಯ ಮೇಲೆ ನಿಂತು ಅಲೆ ನೋಡುತ್ತಿದ್ದರು. ಸ್ವಲ್ಪ ಆಚೆ ನೀರಿನಲ್ಲಿ ಕಾಲಾಡಿಸುತ್ತಿದ್ದ ಕಾಲೇಜು ಹುಡುಗನೊಬ್ಬನನ್ನು ಅಲೆ ಎಳೆದುಕೊಂಡಿತು. ಇವರಿಗೆ ಈಜು ಬರುವುದಿಲ್ಲ. ಎರಡು ಹೆಜ್ಜೆ ಮುಂದೆ ಹೋದರು. ಮೂರನೆಯ ಹೆಜ್ಜೆಗೆ ಕಾಲು ತಾನಾಗಿ ಹಿಂದೆ ಬಂತು. ಊರಿನವರು ಟ್ಯೂಬು, ಹಗ್ಗ ಹಿಡಿದು ಓಡಿಬಂದು ಹುಡುಗನನ್ನು ದಡಕ್ಕೆ ತಂದರು. ಅಷ್ಟರಲ್ಲಿ ತಡವಾಗಿತ್ತು.

ಆ ರಾತ್ರಿ ಮನೆಯಲ್ಲಿ ದೊಡ್ಡಪ್ಪ, "ನಮ್ಮ ಕಾಲದಲ್ಲಿ ಹೀಗೆ ನಿಂತು ನೋಡ್ತಿರ್ಲಿಲ್ಲ" ಅಂದರಂತೆ. ಗೆಳೆಯ ಹೇಳಿದ್ದು ಬೇರೆ: "ಜೀವ ಉಳಿಸಿಕೊಳ್ಳೋದು ಹುಟ್ಟುಗುಣ. ಮನುಷ್ಯಕುಲ ಉಳಿಯಲಿ ಅಂತಾನೇ ಅದು ಇರೋದು. ನೀನು ಬದುಕಿದ್ದೀಯಲ್ಲ, ಅದೇ ನೀನು ಮಾಡಿದ ಕರ್ತವ್ಯ." ಇವರಲ್ಲಿ ಯಾರ ಮಾತು ಸರಿ ಎಂದು ಕೇಳಿದ್ದಾರೆ. ನೀರು ಮೂಗಿನವರೆಗೆ ಬಂದಾಗ ಮರಿಯನ್ನು ಕಾಲಡಿ ಹಾಕಿ ನಿಂತ ಕೋತಿಯ ಕಥೆಯನ್ನೂ ನೆನೆಸಿಕೊಂಡು, "ನಾನೂ ಅದೇ ಕೋತಿಯಾ?" ಎಂದು ಕೇಳಿದ್ದಾರೆ.

ನಮಸ್ಕಾರ.

ಮೊದಲು ಆ ಕೋತಿಯನ್ನು ಬಿಟ್ಟುಬಿಡಿ. ನಾವೆಲ್ಲ ಅದರ ಕಥೆ ಕೇಳಿಯೇ ಬೆಳೆದವರು. ಕಣ್ಣಾರೆ ನೋಡಿದೆ ಅಂದವರು ಮಾತ್ರ ನನಗೆ ಸಿಕ್ಕಿಲ್ಲ. ನಾನು ನೋಡಿದ್ದು ಬೇರೆ. ಕರೆಂಟ್ ತಂತಿ ತಗಲಿ ಸತ್ತ ಮರಿಯನ್ನು ಎದೆಗೆ ಅವಚಿಕೊಂಡು, ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ ಹೋಗುತ್ತಿದ್ದ ತಾಯಿ ಮಂಗ. ಮಂಗಗಳನ್ನು ಅಭ್ಯಾಸ ಮಾಡುವವರೂ ಇದನ್ನು ಎಷ್ಟೋ ಕಡೆ ನೋಡಿ ಬರೆದಿಟ್ಟಿದ್ದಾರೆ. ಕೆಲವು ತಾಯಂದಿರು ದಿನಗಟ್ಟಲೆ ಹೀಗೆ ಹೊತ್ತು ತಿರುಗುತ್ತವೆ. ಅದೂ ಹುಟ್ಟುಗುಣವೇ ಅಲ್ವಾ? ಅದರಿಂದ ಸತ್ತ ಮರಿಗೆ ಏನೂ ಆಗಬೇಕಾದ್ದಿಲ್ಲ, ತಾಯಿಗೆ ಕೈ ಕಟ್ಟಿದ ಹಾಗೆ. ಹಾಗಾಗಿ ಹುಟ್ಟುಗುಣ ಅಂದರೆ ಬರೀ ಸ್ವಾರ್ಥ ಅಂತ ತಿಳಿದುಕೊಳ್ಳುವುದು ಬೇಡ.

ನಿಮ್ಮ ಗೆಳೆಯ ನಿಮಗೆ ಸಮಾಧಾನ ಹೇಳಲು ಬಯಸಿದ್ದಾರೆ. ಅವರ ಮನಸ್ಸು ಒಳ್ಳೆಯದು. ಆದರೆ ಮಾತು ಸರಿಯಿಲ್ಲ. ಮನುಷ್ಯಕುಲ ಉಳಿಯಲಿ ಎಂಬ ಲೆಕ್ಕಾಚಾರ ನಮ್ಮ ಹುಟ್ಟುಗುಣದೊಳಗೆ ಇಲ್ಲ. 1964ರಲ್ಲಿ ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ ಗಣಿತ ಹಾಕಿ ತೋರಿಸಿದ್ದು ಇದಕ್ಕಿಂತ ಸಣ್ಣದು. ರಕ್ತಸಂಬಂಧ ಹತ್ತಿರವಾದಷ್ಟೂ ಇನ್ನೊಬ್ಬರಿಗಾಗಿ ಕಷ್ಟಪಡುವ ಗುಣ ಬೆಳೆಯುವುದು ಸುಲಭ ಎಂದು. ಅಣ್ಣ ತಮ್ಮ, ಮಕ್ಕಳು, ದಾಯಾದಿಗಳು. ಕಡಲಲ್ಲಿ ಮುಳುಗುತ್ತಿದ್ದ ಹುಡುಗ ನಿಮಗೆ ಇವರಲ್ಲಿ ಯಾರೂ ಅಲ್ಲ.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಒಂದು ಗುಣ ನಮ್ಮಲ್ಲಿ ಇದೆ ಎಂದ ಮಾತ್ರಕ್ಕೆ ಹಾಗೆಯೇ ನಡೆಯಬೇಕು ಎಂದಾಗುವುದಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ 1740ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. "ಇದೆ" ಎನ್ನುತ್ತಿದ್ದವರು ಯಾವಾಗ "ಮಾಡಬೇಕು" ಎನ್ನಲು ಶುರು ಮಾಡಿದರು ಎಂದು ಗಮನಿಸಿ, ನಡುವೆ ಏನೋ ಬಿಟ್ಟುಹೋಗಿರುತ್ತದೆ ಎಂದು. ನಮಗೆ ಸಿಟ್ಟೂ ಹುಟ್ಟಿನಿಂದ ಬಂದಿದೆ. ಅದನ್ನು ಯಾರೂ ಕರ್ತವ್ಯ ಅನ್ನುವುದಿಲ್ಲ.

ಹಾಗಾದರೆ ಆ ನಡುವೆ ಇರುವುದು ಏನು? ನಮ್ಮ ಅಡುಗೆಮನೆಯಲ್ಲೇ ನೋಡಬಹುದು. ಕುಚ್ಚಲಕ್ಕಿ ಅನ್ನ ಬಸಿಯುವಾಗ ಬಿಸಿ ತಿಳಿ ಕೈಮೇಲೆ ಬೀಳುತ್ತದೆ. ಕೈ ತಾನಾಗಿ ಹಿಂದಕ್ಕೆ ಬರಲು ನೋಡುತ್ತದೆ. ಆ ಅಪ್ಪಣೆ ಬೆನ್ನುಹುರಿಯಿಂದಲೇ ಬರುತ್ತದೆ, ಸುಟ್ಟಿದ್ದು ತಲೆಗೆ ಗೊತ್ತಾಗುವ ಮೊದಲೇ. ಆದರೆ ಕಾಲ ಬುಡದಲ್ಲಿ ಮಗು ಕೂತಿದ್ದರೆ? ಅಮ್ಮ ಪಾತ್ರೆ ಬಿಡುವುದಿಲ್ಲ. ಹಲ್ಲು ಕಚ್ಚಿ ಹಿಡಿದು, ಪಾತ್ರೆಯನ್ನು ಕೆಳಗಿಟ್ಟು, ಆಮೇಲೆ ಕೈ ಕೊಡವುತ್ತಾಳೆ. ನನ್ನ ಅಮ್ಮನ ಎಡಗೈ ಹೆಬ್ಬೆರಳಿನ ಹತ್ತಿರ ಆ ಕಲೆ ಕೊನೆಯವರೆಗೂ ಇತ್ತು. ಕೈ ಹಿಂದಕ್ಕೆ ಬರಲು ನೋಡಿದ್ದು ಹುಟ್ಟುಗುಣ. ಪಾತ್ರೆ ಹಿಡಿದೇ ಇದ್ದದ್ದು ಕರ್ತವ್ಯ. ಒಂದೇ ಕೈ, ಒಂದೇ ಕ್ಷಣ. ಆದರೆ ಎರಡೂ ಒಂದೇ ಅಲ್ಲ.

ನೀವು ಹೇಳಬಹುದು, ಅದು ತನ್ನ ಮಗು ಎಂದು. ಸರಿ. ಹಾಗಾದರೆ 2010ರ ಮೇ 22ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ಆಗ ನೀವು ಶಾಲೆಗೆ ಹೋಗುವ ವಯಸ್ಸಿನವರಿರಬೇಕು. ಬಜ್ಪೆಯಲ್ಲಿ ಇಳಿಯಬೇಕಿದ್ದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು 8 ಮಂದಿ. ಅವರಲ್ಲಿ ಕೆಲವರು ಒಡೆದ ವಿಮಾನದ ಬಿರುಕಿನಿಂದ ಹೊರಗೆ ಹಾರಿ, ಬೆಂಕಿಯಿಂದ ದೂರ ಓಡಿದರು. ಅದೇ ಹೊತ್ತಿಗೆ ಅಕ್ಕಪಕ್ಕದ ಮನೆಯವರು ಪೊದೆ ದಾಟಿ, ಇಳಿಜಾರು ಇಳಿದು, ಬೆಂಕಿಯ ಕಡೆಗೆ ಓಡಿದರು. ಹೊರಗೆ ಓಡಿದವರು ತಪ್ಪು ಮಾಡಿದರು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಬರಲೂ ಬಾರದು. ಒಳಗೆ ಓಡಿದವರಿಗೂ ಹೆದರಿಕೆ ಇತ್ತು. ಹೊಗೆ, ಶಾಖ ಅವರ ಮೈಗೂ ತಾಗುತ್ತಿತ್ತು. ಆದರೆ ಅವರು ನಿಂತ ಜಾಗದಿಂದ ಏನಾದರೂ ಮಾಡಲು ಸಾಧ್ಯವಿತ್ತು. ಒಳಗಿನಿಂದ ಹಾರಿದವರಿಗೆ ಆ ಸಾಧ್ಯತೆ ಇರಲಿಲ್ಲ. ನನಗೆ ಕಾಣುವ ವ್ಯತ್ಯಾಸ ಇದೇ. ಯಾರ ಧೈರ್ಯ ಜಾಸ್ತಿ ಎಂಬ ಲೆಕ್ಕ ನನಗೆ ಬೇಡ.

ಈಗ ದೊಡ್ಡಪ್ಪನವರ ಮಾತು. ಅವರ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ, ನನಗೆ ಅದು ಒಪ್ಪಿಗೆಯಿಲ್ಲ. ಅವರ ಕಾಲದಲ್ಲಿ ಈಜು ಬಲ್ಲವರು ಹಾರುತ್ತಿದ್ದರು. ಈಜು ಬಾರದೆ ಹಾರಿದವರೂ ಇದ್ದರು. ಅಂಥ ದಿನ ಊರಿನಲ್ಲಿ ಒಂದರ ಬದಲು ಎರಡು ಹೆಣ.

ಮುಳುಗುವವರ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ. ಅವರು ಕೈ ಬೀಸಿ ಕೂಗುತ್ತಾರೆ ಅಂದುಕೊಂಡಿದ್ದೇವೆ. ಇಲ್ಲ. ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ. ಉಸಿರು ಎಳೆಯಲೇ ಅದು ಸಾಲುವುದಿಲ್ಲ, ಕೂಗುವುದು ಎಲ್ಲಿಂದ? ಕೈಗಳು ತಾವಾಗಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹೀಗೆ ಒದ್ದಾಡುವುದು 20ರಿಂದ 60 ಸೆಕೆಂಡ್ ಮಾತ್ರ. ಆ ಹೊತ್ತಿಗೆ ಯಾರಾದರೂ ಹತ್ತಿರ ಹೋದರೆ ಅವರನ್ನೇ ಏಣಿ ಮಾಡಿಕೊಂಡು ಹತ್ತುತ್ತಾರೆ. ಬೇಕೆಂದು ಮಾಡುವುದಲ್ಲ, ದೇಹ ಮಾಡಿಸುತ್ತದೆ. ಅದಕ್ಕೇ ಜೀವರಕ್ಷಕರಿಗೆ ಕಲಿಸುತ್ತಾರೆ: ಬರಿಗೈಯಲ್ಲಿ ಹೋಗಬೇಡ, ನಡುವೆ ತೇಲುವ ವಸ್ತು ಇರಲಿ. ಅಪ್ಪಿತಪ್ಪಿ ಅವರು ನಿನ್ನನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಗುದ್ದಾಡಬೇಡ, ನೀನೇ ಕೆಳಕ್ಕೆ ಮುಳುಗು. ಮುಳುಗುವವರಿಗೆ ಬೇಕಾದ್ದು ಮೇಲೆ ಹೋಗುವುದು, ಹಾಗಾಗಿ ಕೈ ಬಿಡುತ್ತಾರೆ.

ನಮ್ಮ ತೀರದಲ್ಲಿ ಇನ್ನೊಂದು ಇದೆ. ದಡದಿಂದ ಕಡಲಿನ ಕಡೆಗೆ ನದಿಯ ಹಾಗೆ ಹರಿಯುವ ಎಳೆತ. ಅದರಲ್ಲಿ ಸಿಕ್ಕಿದವರಿಗೆ ನೇರ ದಡಕ್ಕೆ ಈಜೋಣ ಅನಿಸುತ್ತದೆ. ಈಜಿ ಈಜಿ ಸುಸ್ತಾಗಿ ಮುಳುಗುತ್ತಾರೆ. ಬದುಕಬೇಕಾದರೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ, ಎಳೆತ ಮುಗಿದಲ್ಲಿ ದಡದ ಕಡೆ ತಿರುಗಬೇಕು. ಅಂದರೆ ಜೀವ ಉಳಿಸಲೆಂದೇ ಇರುವ ಗುಣ ಒಮ್ಮೊಮ್ಮೆ ಜೀವವನ್ನೂ ಉಳಿಸುವುದಿಲ್ಲ. ಅದು ನಮಗೆ ಇನ್ನೊಬ್ಬರ ಮೇಲಿನ ಕರ್ತವ್ಯವನ್ನು ಹೇಗೆ ಕಲಿಸೀತು?

ನನ್ನದೂ ಒಂದು ಕಥೆ ಇದೆ. ತುಂಬ ವರ್ಷ ಯಾರಿಗೂ ಹೇಳಿರಲಿಲ್ಲ. ಉಡುಪಿ ಹತ್ತಿರದ ನಮ್ಮ ಹಳೆಮನೆ. ನನಗೆ 9 ವರ್ಷ. ಬಾವಿಕಟ್ಟೆಯ ಮೇಲೆ ಕೂತಿದ್ದ ಚಿಕ್ಕಪ್ಪನ ಮಗ, 6 ವರ್ಷದವನು, ಹಿಂದಕ್ಕೆ ವಾಲಿ ಬಿದ್ದ. ನೀರಿಗೆ ಬಿದ್ದ ಆ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಓಡಿದೆ. ಯಾರನ್ನೂ ಕರೆಯಲು ಅಲ್ಲ. ಸುಮ್ನೆ, ಬದುಕಿದೆಯಾ ಬಡಜೀವವೇ ಎಂದು, ಅಡಿಕೆ ತೋಟದ ಕೊನೆಯವರೆಗೆ. ಬಿದ್ದದ್ದು ನಾನಲ್ಲ. ನನಗೆ ಯಾವ ಅಪಾಯವೂ ಇರಲಿಲ್ಲ. ಆದರೂ ಓಡಿದೆ.

ಮುಂದಿನದು ಅಮ್ಮ ಹೇಳಿ ಗೊತ್ತು. ಚಿಕ್ಕಪ್ಪನಿಗೆ ಈಜು ಬರುತ್ತಿರಲಿಲ್ಲ. ಆದರೂ ಒಂದು ಕಾಲನ್ನು ಕಟ್ಟೆಯ ಮೇಲೆ ಇಟ್ಟಾಗಿತ್ತು. ಅಜ್ಜಿ ಒಂದು ಕೈಯಲ್ಲಿ ಅವರ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ರಾಟೆಯ ಹಗ್ಗ ಸಡಿಲ ಬಿಟ್ಟರು. ಹಗ್ಗದ ತುದಿಯಲ್ಲಿ ಕೊಡಪಾನ ಇತ್ತು. "ಹಗ್ಗ ಹಿಡ್ಕೋ ಮಗಾ, ಕೊಡಪಾನ ಅಲ್ಲ, ಹಗ್ಗ ಹಿಡ್ಕೋ" ಎಂದು ಒಂದೇ ಮಾತನ್ನು ಹೇಳುತ್ತಲೇ ಇದ್ದರಂತೆ, ಅನ್ನಕ್ಕೆ ಕರೆಯುವ ದನಿಯಲ್ಲಿ. ಅವನು ಹಿಡಿದುಕೊಂಡ. ಆಮೇಲೆ ನೆರೆಮನೆಯ ತೆಂಗಿನಕಾಯಿ ಕೀಳುವವರು ಬಂದು, ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿಕೊಂಡು, ಬಾವಿಯ ಕಲ್ಲುಗಳ ಸಂದಿಯಲ್ಲಿ ಕಾಲಿಟ್ಟು ಇಳಿದು ಅವನನ್ನು ಮೇಲೆ ತಂದರು.

ಅಜ್ಜಿಗೂ ಜೀವಭಯ ಇತ್ತು. ಮೊಮ್ಮಗನ ಜೀವದ ಭಯ, ಮಗನ ಜೀವದ ಭಯ. ಆದರೆ ಹಗ್ಗ ಎಲ್ಲಿದೆ, ಎಷ್ಟು ಉದ್ದ ಇದೆ ಎಂದು ಅವರ ಕೈಗೆ ಗೊತ್ತಿತ್ತು. ದಿನಾ ನಲವತ್ತು ಕೊಡ ನೀರು ಸೇದಿದ ಕೈ ಅದು. ನನ್ನನ್ನು ಮಾತ್ರ ಅವರು ಒಂದು ದಿನವೂ "ಯಾಕೆ ಓಡಿದೆ?" ಎಂದು ಕೇಳಲಿಲ್ಲ. ಮಾರನೆಯ ದಿನ ಬಾವಿಕಟ್ಟೆಯ ಹತ್ತಿರ ಕರೆದು, ಹಗ್ಗ ಬಿಡುವುದು ಹೇಗೆ ಎಂದು ಮೂರು ಸಲ ಮಾಡಿಸಿದರು.

ಕಾನೂನು ಏನು ಹೇಳುತ್ತದೆ ಎಂದೂ ನೀವು ಕೇಳಿದ್ದೀರಿ. ದಾರಿಹೋಕನೊಬ್ಬ ಮುಳುಗುವವರನ್ನು ಉಳಿಸಲೇಬೇಕು ಎಂದು ನಮ್ಮ ದೇಶದ ಕಾನೂನು ಸಾಮಾನ್ಯವಾಗಿ ಕಟ್ಟಿಹಾಕುವುದಿಲ್ಲ. ಹೆತ್ತವರು, ಕೆಲಸಕ್ಕಿರುವ ಜೀವರಕ್ಷಕರು, ಇಂಥವರ ಮಾತು ಬೇರೆ. ರಸ್ತೆ ಅಪಘಾತದಲ್ಲಿ ಸಹಾಯಕ್ಕೆ ಹೋದವರಿಗೆ ತೊಂದರೆ ಆಗದಂತೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿಸಿದ್ದಾರೆ. ಜರ್ಮನಿ, ಫ್ರಾನ್ಸ್‌ಗಳಲ್ಲಿ ಸಹಾಯ ಮಾಡದೆ ಸುಮ್ಮನಿದ್ದರೆ ಶಿಕ್ಷೆಯೇ ಇದೆ. ಆದರೆ ಅಲ್ಲಿಯೂ ತನಗೆ ಅಪಾಯವಿಲ್ಲದಿದ್ದರೆ ಮಾತ್ರ. ಕಡಲಿನ ಮೇಲೆ ಸಿಕ್ಕಿದವರನ್ನು ಹಡಗಿನವರು ಉಳಿಸಬೇಕು ಎನ್ನುವ 1982ರ ವಿಶ್ವಸಂಸ್ಥೆಯ ಒಪ್ಪಂದದ 98ನೆಯ ವಿಧಿಯೂ ಅಷ್ಟೇ: ಹಡಗಿಗೆ, ಅದರಲ್ಲಿರುವವರಿಗೆ ದೊಡ್ಡ ಅಪಾಯ ಆಗದಷ್ಟು. ಅಂದರೆ ನಿಮ್ಮ ಜೀವಭಯವನ್ನು ಕಾನೂನೂ ಅವಮಾನ ಮಾಡುವುದಿಲ್ಲ.

ಆದರೆ ಎಲ್ಲದಕ್ಕೂ ಅದನ್ನು ನೆಪವಾಗಿ ಒಪ್ಪುವುದೂ ಇಲ್ಲ. 1884ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೊರಟ ಮಿನ್ಯೊನೆಟ್ ಎಂಬ ಸಣ್ಣ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ಕು ಜನ ಒಂದು ದೋಣಿಯಲ್ಲಿ ಉಳಿದರು. ಸುಮಾರು ಮೂರು ವಾರ ಆಗುವ ಹೊತ್ತಿಗೆ, ಅನ್ನ ನೀರು ಮುಗಿದು ದಿನಗಳಾಗಿದ್ದಾಗ, ನಿತ್ರಾಣನಾಗಿ ಬಿದ್ದಿದ್ದ 17 ವರ್ಷದ ಹುಡುಗನನ್ನು ಕ್ಯಾಪ್ಟನ್ ಡಡ್ಲಿ ಕೊಂದ. ಸ್ಟೀಫನ್ಸ್ ಎಂಬವನು ಅದಕ್ಕೆ ಒಪ್ಪಿದ್ದ. ಹುಡುಗನನ್ನು ತಿಂದು ಮೂವರು ಬದುಕಿದರು. ಕೋರ್ಟಿನಲ್ಲಿ ಡಡ್ಲಿ, ಸ್ಟೀಫನ್ಸ್ ಹೇಳಿದ್ದು ನಿಮ್ಮ ಗೆಳೆಯನ ಮಾತನ್ನೇ, ಜೀವ ಉಳಿಸಿಕೊಳ್ಳಲೇಬೇಕಿತ್ತು ಎಂದು. ನ್ಯಾಯಾಧೀಶರು ಒಪ್ಪಲಿಲ್ಲ. ತನ್ನ ಜೀವ ಕಾಪಾಡಿಕೊಳ್ಳುವುದು ಸಾಮಾನ್ಯವಾಗಿ ಕರ್ತವ್ಯವೇ, ಆದರೆ ಅದನ್ನು ಬಿಟ್ಟುಕೊಡುವುದೇ ದೊಡ್ಡ ಕರ್ತವ್ಯವಾಗುವ ಹೊತ್ತೂ ಇರುತ್ತದೆ ಎಂದರು. ಯಾರ ಜೀವದ ಬೆಲೆ ಹೆಚ್ಚು ಎಂದು ಅಳೆಯುವವರು ಯಾರು ಎಂದೂ ಕೇಳಿದರು. ಇಬ್ಬರಿಗೂ ಮರಣದಂಡನೆ ಆಯಿತು. ಆಮೇಲೆ ಅದನ್ನು 6 ತಿಂಗಳ ಜೈಲಿಗೆ ಇಳಿಸಿದರು. ಇದನ್ನು ಹೇಳಿದ್ದು ಯಾಕೆಂದರೆ, ನೀವು ಯಾರನ್ನೂ ಕಾಲಡಿ ಹಾಕಿ ನಿಂತಿಲ್ಲ. ನೀವು ಬದುಕಿದ್ದಕ್ಕೆ ಆ ಹುಡುಗ ಸತ್ತದ್ದಲ್ಲ. ಈ ಎರಡನ್ನೂ ಒಂದೇ ಮಾಡಿಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಿದ್ದೀರಿ.

ಈಗ ಕಷ್ಟದ ಮಾತು. ಇದನ್ನು ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ನಾಲ್ಕನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: "ಮೊಬೈಲ್ ಕೈಯಲ್ಲೇ ಇತ್ತು. 112ಕ್ಕೆ ಫೋನ್ ಮಾಡಲೂ ತೋಚಲಿಲ್ಲ. ಕೂಗಲೂ ಇಲ್ಲ." ಕಾಲು ಹಿಂದೆ ಬಂದದ್ದು ನಿಮ್ಮ ತಪ್ಪಲ್ಲ. ಮರಗಟ್ಟಿ ನಿಂತದ್ದನ್ನೂ ನಾನು ತಪ್ಪು ಅನ್ನುವುದಿಲ್ಲ, ಅದೂ ದೇಹದ್ದೇ ಕೆಲಸ. ಅಡಿಕೆ ತೋಟದ ಕೊನೆಯಲ್ಲಿ ನಿಂತಿದ್ದ ನನಗೆ ಅದು ಗೊತ್ತು. ಆದರೆ ನಿಮ್ಮ ಕರ್ತವ್ಯ ಇದ್ದದ್ದು ನೀರಿನಲ್ಲಿ ಅಲ್ಲ, ಆ ಕೂಗಿನಲ್ಲಿ, ಆ ಫೋನಿನಲ್ಲಿ. ನಿಮ್ಮ ಮನಸ್ಸು ಚುಚ್ಚುತ್ತಿರುವುದೂ ಅದಕ್ಕೇ ಇರಬೇಕು. ದೊಡ್ಡಪ್ಪ ಬೈದರೆಂದು ಮಾತ್ರ ಅಲ್ಲ. ಆ ಚುಚ್ಚುವಿಕೆಯನ್ನು ಗೆಳೆಯನ ಮಾತಿನಿಂದ ಅಳಿಸಿಹಾಕಬೇಡಿ.

ಮುಂದಿನ ಸಲಕ್ಕೆ ತಯಾರಾಗಿ. ಮಲ್ಪೆಯಲ್ಲಿ ಮಳೆಗಾಲದ ನಾಡದೋಣಿಗೆ ಹೋಗುವವರೊಬ್ಬರನ್ನು, ಅಳಿವೆಯಲ್ಲಿ ದೋಣಿ ಮಗುಚಿದಾಗ ಹತ್ತಿರ ಹೋಗಲು ಹೆದರಿಕೆ ಆಗುವುದಿಲ್ವಾ ಎಂದು ಒಮ್ಮೆ ಕೇಳಿದ್ದೆ. "ಆಗ್ತದೆ" ಅಂದರು. ದೋಣಿಯಲ್ಲಿ ಖಾಲಿ ಕ್ಯಾನಿಗೆ ಕಟ್ಟಿ ಸುತ್ತಿಟ್ಟ ಹಗ್ಗ ತೋರಿಸಿದರು. ಆ ಹೊತ್ತಿನಲ್ಲಿ ಗಂಟು ಹಾಕಲು ಕೈ ಕೇಳುವುದಿಲ್ಲ, ಅದಕ್ಕೇ ಮನೆಯಲ್ಲೇ ಕಟ್ಟಿ ತರುವುದು ಎಂದರು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುವಾಗ ಕಡಲಿಗಿಳಿಯುವವರು ಅವರು. ನೀವು ಲೇಡಿಹಿಲ್‌ನ ಪಾಲಿಕೆ ಈಜುಕೊಳಕ್ಕೆ ಹೋಗಿ ಈಜು ಕಲಿಯಿರಿ. ಈಜು ಬಂದಮೇಲೂ ಕಡಲಿಗೆ ಹಾರಬೇಡಿ. ಕ್ಯಾನು, ಕೋಲು, ಶಾಲು, ಸಿಕ್ಕಿದ್ದನ್ನು ಎಸೆಯಿರಿ, ಕೂಗಿ, ಜನ ಸೇರಿಸಿ.

ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನೀವು ಬರೆದದ್ದನ್ನು ಓದಿದೆ. ಆ ಹುಡುಗನ ಮನೆ ಎಲ್ಲಿ ಎಂದು ವಿಚಾರಿಸಿಟ್ಟಿದ್ದೀರಿ, ಹೋಗಲು ಧೈರ್ಯ ಇಲ್ಲ ಎಂದು. ಹೋಗಿ. ಕ್ಷಮೆ ಕೇಳಲು ಅಲ್ಲ. ಆ ಭಾರವನ್ನು ಅವರ ತಾಯಿಯ ಮೇಲೆ ಹಾಕಬೇಡಿ. ನಾನು ಅಲ್ಲಿದ್ದೆ ಎಂದು ಮಾತ್ರ ಹೇಳಿ. ಅವರು ಕೇಳಿದರೆ ಕಂಡದ್ದನ್ನು ಕಂಡ ಹಾಗೆ ಹೇಳಿ, ಕೇಳದಿದ್ದರೆ ಸುಮ್ಮನೆ ಕೂತು ಬನ್ನಿ. ಚಾ ಕೊಟ್ಟರೆ ಬೇಡ ಅನ್ನಬೇಡಿ. ಒಬ್ಬರೇ ಹೋಗಲು ಆಗದಿದ್ದರೆ ಕಚೇರಿಗೆ ಫೋನ್ ಮಾಡಿ. ಭಾನುವಾರ ನನಗೆ ಬಿಡುವಿರುತ್ತದೆ, ನಾನೂ ಬರುತ್ತೇನೆ.

ಸಂಪಾದಕ