ಕೊಳೆಗೇರಿಗಳ ಸಾಮೂಹಿಕ ಶೌಚಾಲಯ ಕಟ್ಟಿದ ಸ್ವಲ್ಪ ಕಾಲಕ್ಕೇ ಯಾಕೆ ಹಾಳಾಗುತ್ತದೆ?

ಕಟ್ಟಲು ದುಡ್ಡಿರುತ್ತದೆ, ನಡೆಸಲು ಇರುವುದಿಲ್ಲ. ಮುಖ್ಯ ಕಾರಣ ಇದೇ. ಬಳಸುವವರಿಗೆ ಶಿಸ್ತಿಲ್ಲ ಅನ್ನುವುದು ನನ್ನ ಮಟ್ಟಿಗೆ ಸೋಮಾರಿ ವಿವರಣೆ.

ಸ್ವಚ್ಛ ಭಾರತ ಅಭಿಯಾನದ ಮಾನದಂಡದ ಪ್ರಕಾರ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಕಕ್ಕಸು ಬೇಕು. ಒಂದರ ಚಿಲಕ ಮುರಿದರೆ ಅಷ್ಟೂ ಜನ ಪಕ್ಕದ್ದಕ್ಕೆ ಹೋಗುತ್ತಾರೆ. ಅದೂ ಬೆಳಗಿನ ಅದೇ ಹೊತ್ತಿಗೆ. ಹೊರೆ ದುಪ್ಪಟ್ಟಾಗಿ ಅದೂ ಕೆಡುತ್ತದೆ, ಆಮೇಲೆ ಮೂರನೆಯದು. ಅಂದರೆ ಮೊದಲ ಚಿಲಕವನ್ನು ಅವತ್ತೇ ಸರಿಮಾಡುವವರು ಒಬ್ಬರು ಇರಬೇಕು. ಒಳಚರಂಡಿ ಇಲ್ಲದ ಕಡೆ ಇನ್ನೂ ಕಷ್ಟ: ಸೆಪ್ಟಿಕ್ ಟ್ಯಾಂಕ್ ತುಂಬಿದರೆ ಇಡೀ ಕಟ್ಟಡವೇ ಬಂದ್, ಇಕ್ಕಟ್ಟಾದ ಓಣಿಗೆ ಅದನ್ನು ಖಾಲಿ ಮಾಡುವ ಲಾರಿ ನುಗ್ಗುವುದೂ ಇಲ್ಲ.

ಪುಣೆ ಪಾಲಿಕೆ 1999ರಲ್ಲಿ ಶೌಚಾಲಯ ಕಟ್ಟಿ ನೋಡಿಕೊಳ್ಳುವ ಹೊಣೆಯನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಕೊಟ್ಟಿತು. ಸ್ಪಾರ್ಕ್ ಸಂಸ್ಥೆ, ಕೊಳೆಗೇರಿ ಮಹಿಳೆಯರದೇ ಸಂಘಟನೆಯಾದ ಮಹಿಳಾ ಮಿಲನ್ ಜೊತೆಗೂಡಿ ಕಟ್ಟಿದವುಗಳಲ್ಲಿ ನೋಡಿಕೊಳ್ಳುವವರ ಕುಟುಂಬಕ್ಕೆ ಅಲ್ಲೇ ಕೋಣೆ ಇತ್ತು, ಮನೆಗಳಿಗೆ ತಿಂಗಳ ಪಾಸ್ ಇತ್ತು. ಪಾಸಿನ ದುಡ್ಡಿನಲ್ಲೇ ಅವರ ಸಂಬಳ. ಹೆಂಗಸರಿಗೆ ಬೇರೆ ಸಾಲು, ಮಕ್ಕಳಿಗೆ ಬೇರೆ ಜಾಗ. ಒಂದೇ ಸಾಲಾದರೆ ದೊಡ್ಡವರು ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಾರೆ ಅನ್ನುವುದು ಅಲ್ಲಿನ ತಾಯಂದಿರಿಗೆ ಗೊತ್ತಿದ್ದ ಸಂಗತಿ.

ಪಾಸ್ ಯಾಕೆ, ಸಲಕ್ಕೆ ಇಷ್ಟು ಅಂತ ತೆಗೆದುಕೊಳ್ಳಬಹುದಲ್ಲ? ಬಸ್ ನಿಲ್ದಾಣದಲ್ಲಿ ಅದು ಸರಿ. ಐದಾರು ಜನರ ಬಡ ಮನೆಗೆ ದಿನಾ ಆ ಖರ್ಚು ಹೊರೆ, ಹಾಗಾಗಿ ಮಕ್ಕಳನ್ನು ಚರಂಡಿ ಬದಿಗೇ ಕಳಿಸುತ್ತಾರೆ.