ಅಜ್ಜಿಮನೆಗೆ ಸೇತುವೆ ಬಂದ ಮೇಲೆ

ನಮಸ್ಕಾರ. ನಿಮ್ಮ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ಎಂಬತ್ತರ ದಶಕದಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ನೀವು ಸಾಗರಕ್ಕೆ ಬಂದು, ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ, ಶರಾವತಿ ಹಿನ್ನೀರು ದಾಟಿ ತುಮರಿ ಕಡೆಯ ಅಜ್ಜಿಮನೆಗೆ ಹೋಗುತ್ತಿದ್ದಿರಿ. ಈಗ ಅಲ್ಲಿ ಮಾವ, ಅತ್ತೆ ಇಬ್ಬರೇ. ಹೋದ ದಸರಾ ರಜೆಯಲ್ಲಿ ಮಕ್ಕಳ ಜೊತೆ ಕಾರಿನಲ್ಲಿ ಹೋದಿರಿ. ಸೇತುವೆ ದಾಟುವಾಗ ಮಕ್ಕಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಮನೆಯ ಸಗಣಿ ಸಾರಿಸಿದ ನೆಲ ಹೋಗಿ ಟೈಲ್ಸ್ ಬಂದಿತ್ತು. "ಎರಡೇ ದಿನಕ್ಕೆ ವಾಪಸ್ ಬಂದುಬಿಟ್ಟೆ. ನನ್ನ ಅಜ್ಜಿಮನೆಯೂ ಮುಳುಗಿಹೋಯಿತು ಅನ್ನಿಸಿತು. ಈಗ ಇರುವುದರಲ್ಲಿ ಖುಷಿಪಡುವುದು ಹೇಗೆ?" ಅಂತ ಕೇಳಿದ್ದೀರಿ.

ಮೊದಲು ಸೇತುವೆ. ನಿಮ್ಮ ಸಿಟ್ಟೆಲ್ಲ ಅದರ ಮೇಲೇ ಇದೆ, ಅಲ್ವಾ? ಲಾಂಚ್ ನಿಮಗೆ ವರ್ಷಕ್ಕೊಮ್ಮೆಯ ಜಾತ್ರೆ. ಆ ದಡದವರಿಗೆ ಅದು ದಿನದ ಪಾಡು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಮುಗಿಯಿತು. ಆಮೇಲೆ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಸುತ್ತುದಾರಿಯೇ ಗತಿ. ಮಳೆ ಕೈಕೊಟ್ಟ ವರ್ಷ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2023ರಲ್ಲೂ ಹಾಗೇ ಆಗಿತ್ತು. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕಾಗಿ ಆ ಊರುಗಳ ಜನ ದಶಕಗಳ ಕಾಲ ಕಾದಿದ್ದರು. ನಮ್ಮ ನೆನಪು ಚೆಂದ ಉಳಿಯಲಿ ಅಂತ ಅವರು ಇನ್ನೂ ಕಾಯುತ್ತಾ ಕೂರಬೇಕಿತ್ತೇ?

ಪತ್ರದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಲಸಿನ ಹಪ್ಪಳದ ಭಾಗ. ಅಂಗಳದ ಚಾಪೆ, ಕಾಗೆ ಓಡಿಸಲು ಬಿಚ್ಚಿಟ್ಟ ಕಪ್ಪು ಕೊಡೆ, ಯಾರೂ ನೋಡದಾಗ ಬಾಯಿಗೆ ಹಾಕಿಕೊಂಡ ಹಪ್ಪಳದ ಹಿಟ್ಟು. ಓದುವಾಗ ನನ್ನ ನಾಲಿಗೆಗೂ ಹಸಿ ಹಿಟ್ಟಿನ ಉಪ್ಪು ಖಾರ ಬಂತು. ಆದರೆ ಆ ಹಿಟ್ಟು ಒರಳಿಗೆ ಬಂದದ್ದು ಹೇಗೆ? ಬಲಿತ ಹಲಸಿನಕಾಯಿ ಕೊಯ್ದು, ಅಂಟಿನ ಜೊತೆ ಒದ್ದಾಡಿ ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಬೇಕು. ಆಮೇಲೆ ಎಣ್ಣೆ ಕೈಯಲ್ಲಿ ಉಂಡೆ ಕಟ್ಟಿ ಒಂದೊಂದೇ ಒತ್ತಬೇಕು. ಜೊತೆಗೆ ಮನೆ ತುಂಬಾ ಮೊಮ್ಮಕ್ಕಳಿಗೆ ಮೂರು ಹೊತ್ತು ಬಡಿಸಬೇಕು. ಅತ್ತೆ ಆಗ ಮದುವೆಯಾಗಿ ಬಂದ ಹೊಸಬರು ಅಂತ ನೀವೇ ಬರೆದಿದ್ದೀರಿ. ರಜೆ ನಿಮಗಿತ್ತು, ಅವರಿಗೆ ಇರಲಿಲ್ಲ. ಅಷ್ಟು ವರ್ಷ ಮಂಡಿಯೂರಿ ನೆಲ ಸಾರಿಸಿದವರು ಈಗ ಟೈಲ್ಸ್ ಹಾಕಿಸಿಕೊಂಡರೆ ನಾನಂತೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತನ್ನು ನೀವು ಸುಮ್ನೆ ದಾಟಿಸಿಬಿಟ್ಟಿದ್ದೀರಿ. ಲಾಂಚ್ ನಡುನೀರಿಗೆ ಬಂದಾಗ ಅಜ್ಜಿ ಕೈ ತೋರಿಸಿ "ಅಗೋ, ನಮ್ಮ ತೋಟ ಅಲ್ಲಿತ್ತು" ಅನ್ನುತ್ತಿದ್ದರಂತೆ. ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಕಣಿವೆಯ ಊರು, ಗದ್ದೆ, ತೋಟ ಎಲ್ಲ ನೀರಿನಡಿಗೆ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದಾಗ ಅದು ಈಗಲೂ ಕಾಣುತ್ತದೆ. ಅಂದರೆ ನೀವು 'ನಮ್ಮ ಹಳೇ ಮನೆ' ಅನ್ನುವುದು ಅಜ್ಜಿಗೆ ಮುಳುಗಡೆ ಆದ ಮೇಲೆ ಕಟ್ಟಿಕೊಂಡ ಹೊಸ ಮನೆ. ಚಿಮಣಿ ದೀಪದ ಕತೆಗಳನ್ನು ಎಷ್ಟು ಪ್ರೀತಿಯಿಂದ ಬರೆದಿದ್ದೀರಿ! ಕರೆಂಟಿಗಾಗಿ ಊರನ್ನೇ ಬಿಟ್ಟುಕೊಟ್ಟವರ ಮನೆಯಲ್ಲಿ ಚಿಮಣಿ ಉರಿಯುತ್ತಿತ್ತು ಅನ್ನುವುದು ಮಕ್ಕಳ ಕಣ್ಣಿಗೆ ಬೀಳುವ ವಿಷಯವಲ್ಲ, ಬಿಡಿ.

ಆ ಹಲಸಿನ ಮರ ಅಜ್ಜಿ ನೆಟ್ಟದ್ದಂತೆ. ತೋಟ ಕಳೆದುಕೊಂಡವರು ಹೊಸ ಅಂಗಳದ ಬದಿಯಲ್ಲಿ ಹಲಸು ನೆಟ್ಟರು. ಹಳೆಯದನ್ನು ಮರೆತರು ಅಂತಲ್ಲ. ಮರೆತಿದ್ದರೆ ಪ್ರತಿ ಸಲ ಕೈ ತೋರಿಸುತ್ತಿರಲಿಲ್ಲ. ಆದರೆ ದಡ ಮುಟ್ಟಿದ ಮೇಲೆ ನಿಮ್ಮ ಹೊಟ್ಟೆಯ ಚಿಂತೆ ಅವರಿಗೆ ಜಾಸ್ತಿ ಇತ್ತು. ನಿಮ್ಮ ಪ್ರಶ್ನೆಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಹಾಗಂತ ನಿಮ್ಮ ದುಃಖ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ನಷ್ಟ ನಿಜವಾಗಿ ಆಗಿದೆ. ಅದು ಲಾಂಚಲ್ಲ, ನೆಲವೂ ಅಲ್ಲ. ಅಷ್ಟು ಜನ ಇದ್ದ ಮನೆಯಲ್ಲಿ ಈಗ ಇಬ್ಬರೇ ಇದ್ದಾರೆ. ಅವರಿಗೆ ಅದು ರಜೆಯ ಮನೆಯಲ್ಲ, ವರ್ಷವಿಡೀ ಇರುವ ಮನೆ. ನೀವು ಎರಡೇ ದಿನಕ್ಕೆ ಹೊರಟಾಗ ಅತ್ತೆಗೆ ಏನನ್ನಿಸಿತು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಒಮ್ಮೆ ಕೇಳಿ ನೋಡಿ.

ಮಕ್ಕಳ ಮೇಲೂ ಅಷ್ಟು ಕೋಪ ಬೇಡ. ಮಗಳು ಮಧ್ಯಾಹ್ನವಿಡೀ ಕೊಟ್ಟಿಗೆಯಲ್ಲಿ ಕರುವಿನ ಹಿಂದೆ ಇದ್ದಳು, ಕರೆದರೂ ಊಟಕ್ಕೆ ಬರಲಿಲ್ಲ ಅಂತ ನೀವೇ ದೂರಿದ್ದೀರಿ. ಇನ್ನೇನು ಬೇಕು? ಅವಳಿಗೆ ಲಾಂಚ್ ಗೊತ್ತಿಲ್ಲ, ಕರು ಗೊತ್ತು. ದೊಡ್ಡವಳಾದ ಮೇಲೆ ಆ ಕರುವಿನ ಬಗ್ಗೆ ಅವಳೂ ಯಾವುದೋ ಸಂಪಾದಕರಿಗೆ ಉದ್ದದ ಪತ್ರ ಬರೆಯಬಹುದು.

ಈ ಸಲ ಹಲಸು ಬಲಿಯುವ ಹೊತ್ತಿಗೆ ಹೋಗಿ, ವಾರವಾದರೂ ಇರಿ. ಅತ್ತೆಗೆ ಮೊದಲೇ ಫೋನ್ ಮಾಡಿ ಹಪ್ಪಳ ಮಾಡೋಣ ಅನ್ನಿ. ಕುಟ್ಟುವುದು, ಒತ್ತುವುದು ನಿಮ್ಮ ಪಾಲಿಗಿರಲಿ. ಅವರು ಕುರ್ಚಿಯಲ್ಲಿ ಕೂತು ತಪ್ಪು ಹೇಳಲಿ. ಹಪ್ಪಳ ಜಾಸ್ತಿಯಾದರೆ ನಮ್ಮ ಕಚೇರಿಯ ವಿಳಾಸ ನಿಮಗೆ ಗೊತ್ತೇ ಇದೆ.

– ಸಂಪಾದಕ